ಚೀಲ ಕಳೆದು ಎಪ್ಪತ್ತೆರಡೂವರೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬಾಕ್ಸಿಂಗ್ ಬಗ್ಗೆ ಬರೆಯಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಜೀವಮಾನದಲ್ಲಿ ನಾನು ಒಬ್ಬರಿಗೂ ಹೊಡೆದವನಲ್ಲ. ಹೊಡೆಸಿಕೊಂಡದ್ದು ಎರಡು ಸಲ, ಎರಡೂ ಸಲ ಪಕ್ಕದವನಿಗೆ ಬೀಳಬೇಕಾಗಿದ್ದ ಏಟು. ಬರವಣಿಗೆಯ ಯೋಗ್ಯತೆಯನ್ನಂತೂ ಕೇಳಲೇಬೇಡಿ. ಹಗಲು ಕೊಬ್ಬರಿ ತೂಗಿ, ಸಂಜೆ ಕಾಲೇಜಿಗೆ ಹೋಗಿ, ಮೂರು ವರ್ಷದ ಬಿ.ಎ.ಯನ್ನು ಐದು ವರ್ಷದಲ್ಲಿ ಮುಗಿಸಿದವನು ನಾನು. ಸಂಜೆ ಕಾಲೇಜಿನವರಿಗೆ ಒಂದು ಕೊರತೆ ಉಂಟು, ಕರೆಂಟು ಹೋದ ದಿನದ ಪಾಠ ನಮಗೆ ಬರುವುದಿಲ್ಲ. ಆದ್ದರಿಂದ ಮುಂದೆ ಎಲ್ಲಾದರೂ ತಪ್ಪು ಕಂಡರೆ ಅದು ಕರೆಂಟು ಹೋದ ದಿನದ್ದು ಎಂದು ತಿಳಿಯಬೇಕು.

ಆದರೂ ಹೇಳಲೇಬೇಕಾಗಿದೆ. ತಪ್ಪು ನನ್ನದು, ಅದು ಊರಿನಲ್ಲಿ ನಾನಾ ರೂಪದಲ್ಲಿ ಓಡಾಡುತ್ತಿದೆ. ತುರುವೇಕೆರೆಯ ಕಡೆ ಹೇಳುವ ರೂಪದಲ್ಲಂತೂ ನಾನೇ ಬಾಕ್ಸರು.

ನನ್ನ ಹೆಸರು ತಿಪ್ಪೇಸ್ವಾಮಿ. ಹುಳಿಯಾರಿನ ಪಕ್ಕದ ಹಟ್ಟಿಯವನು. ತಿಪಟೂರಿನ ಕರಿಬಸವಯ್ಯ ಸಾವ್ಕಾರರ ಕೊಬ್ಬರಿ ಮಂಡಿಯಲ್ಲಿ ತೂಕದವನು. ಕೆಲಸ ಇಷ್ಟೇ: ಕೊಬ್ಬರಿ ಚೀಲ ತಕ್ಕಡಿಯ ಹಲಗೆ ಮೇಲೆ ಕೂತ ಕೂಡಲೇ ಮುಳ್ಳು ನೋಡುವುದು, ಖಾಲಿ ಚೀಲದ ತೂಕವೆಂದು ಒಂದು ಕೆ.ಜಿ. ಕಳೆಯುವುದು, ಉಳಿದದ್ದನ್ನು ಇಡೀ ಮಂಡಿಗೆ ಕೇಳಿಸುವಂತೆ ಕೂಗುವುದು. ಹನ್ನೊಂದು ವರ್ಷದಿಂದ ಕೂಗುತ್ತಿದ್ದೆ. ಕಳೆಯುವ ಲೆಕ್ಕ ಈಗ ತಲೆಯಲ್ಲಿ ನಡೆಯುವುದಿಲ್ಲ, ನಾಲಿಗೆಯಲ್ಲೇ ನಡೆದುಬಿಡುತ್ತದೆ. ದಿನಾ ಬೆಳಿಗ್ಗೆ ಇಪ್ಪತ್ತು ಕೆ.ಜಿ.ಯ ಕಲ್ಲಿಟ್ಟು ತಕ್ಕಡಿ ಸರಿಯಿದೆಯೇ ಎಂದು ನೋಡುತ್ತೇನೆ. ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ನೋಡುತ್ತೇನೆ. "ತಿಪ್ಪೇಸ್ವಾಮಿ ಕೂಗಿದ ಅಂದ್ರೆ ಮುಗೀತು" ಎಂದು ರೈತರು ಹೇಳುತ್ತಿದ್ದರು. ನನಗೆ ತೋಟವಿಲ್ಲ, ಮನೆ ಬಾಡಿಗೆಯದು. ಆ ಒಂದು ಮಾತೇ ನನ್ನ ಆಸ್ತಿ.

ಅದು ತೊಂಬತ್ತೆಂಟರ ಬೇಸಿಗೆ. ಸಾವ್ಕಾರರು ಕ್ರಿಕೆಟ್ ನೋಡಲೆಂದು ಮಂಡಿಗೊಂದು ಟಿವಿ ತಂದು ಕೇಬಲ್ ಎಳೆಸಿದ್ದರು. ಒಂದು ಭಾನುವಾರ ಮಧ್ಯಾಹ್ನ ಕ್ರಿಕೆಟ್ ಇರಬೇಕಾದ ಜಾಗದಲ್ಲಿ ಇಬ್ಬರು ಚಡ್ಡಿ ತೊಟ್ಟು ಗುದ್ದಾಡುತ್ತಿದ್ದರು. ಹತ್ತು ಹನ್ನೊಂದು ವರ್ಷದ ಹಳೆಯ ಹೊಡೆದಾಟವನ್ನು ಮತ್ತೆ ತೋರಿಸುತ್ತಿದ್ದರು. ಒಬ್ಬರದು ಬೋಳು ತಲೆ, ಹೆಸರು ಹ್ಯಾಗ್ಲರ್. ಇನ್ನೊಬ್ಬರದು ಗುಂಗುರು ಕೂದಲು, ಹೆಸರು ಲಿಯೊನಾರ್ಡ್. ಸಾವ್ಕಾರರ ಪಕ್ಕದಲ್ಲಿ ಎಂದಿನಂತೆ ಹುಚ್ಚರಂಗಯ್ಯ ಮೇಷ್ಟ್ರು ಕೂತಿದ್ದರು. ಅವರು ನೊಣವಿನಕೆರೆಯ ಕಡೆ ತೋಟ ಇರುವ ನಿವೃತ್ತ ಡ್ರಿಲ್ ಮೇಷ್ಟ್ರು. ನಿವೃತ್ತರಾಗಿ ಆರು ವರ್ಷವಾದರೂ ಕೊರಳಿನ ಸೀಟಿ ನಿವೃತ್ತವಾಗಿರಲಿಲ್ಲ. ಮೂವತ್ತು ವರ್ಷದಿಂದ ಅವರ ಕೊಬ್ಬರಿ ಬೇರೆ ಮಂಡಿ ಕಂಡಿಲ್ಲ, ಇಬ್ಬರೂ ಒಂದೇ ಬೆಂಚು ಬಿಟ್ಟು ಕದಲಿದವರಲ್ಲ.

"ಏನಂತವ್ನೆ ತಿಪ್ಪೇಸ್ವಾಮಿ ಇಂಗ್ಲಿಷ್‌ನಾಗೆ?" ಎಂದು ಸಾವ್ಕಾರರು ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಬಿ.ಎ. ಅಡ್ಡ ಬಂತು. ಕಿವಿಗೆ ಬಿದ್ದದ್ದು ನಾಲ್ಕೈದು ಮಾತು, ಉಳಿದದ್ದನ್ನು ನಾನೇ ಹೊಲಿದೆ.

"ಇದು ಮಿಡ್ಲ್‌ವೆಯ್ಟ್ ಅಂತೆ ಸಾವ್ಕಾರ್ರೇ. ಮಧ್ಯಮ ದರ್ಜೆ. ಎಪ್ಪತ್ತೆರಡೂವರೆ ಕೆ.ಜಿ. ಮೀರಂಗಿಲ್ಲ. ಬೋಳುತಲೆಯೋರು ವರ್ಷಾನುಗಟ್ಟಲೆಯಿಂದ ಈ ದರ್ಜೆಗೆ ಯಜಮಾನ್ರು. ಗುಂಗುರು ಕೂದ್ಲೋರು ಸಣ್ಣ ದರ್ಜೆಯಿಂದ ಬಂದೋರು. ಮೂರು ವರ್ಷ ಹತ್ತತ್ರ ಆಡ್ದೇ ಕೂತಿದ್ರಂತೆ."

ದರ್ಜೆ ಎಂದದ್ದೇ ತಪ್ಪಾಯಿತು. ಕೊಬ್ಬರಿ ದರ್ಜೆ ಮಾಡುವವರ ಮುಂದೆ ಆ ಮಾತು ಎತ್ತಬಾರದು.

"ಮೂರು ವರ್ಷ ಸುಮ್ಕೆ ಕೂತಿದ್ನಾ?" ಸಾವ್ಕಾರರು ತೊಡೆ ತಟ್ಟಿದರು. "ನೋಡಿ ಮೇಷ್ಟ್ರೇ, ಕಾಯಿ ಅಟ್ಟದ ಮೇಲೆ ಒಂದು ವರ್ಷ ಇದ್ರೆ ಕೊಬ್ಬರಿ. ಮೂರು ವರ್ಷ ಇದ್ರೆ ಹುಳ. ಬೋಳನೇ ಸೈ."

"ಅಲ್ಲ ಸ್ವಾಮಿ, ಅದು ನೀರಾರಿ ಒಳಗೇ ಕಳಚ್ಕೊಂಡು ಗುಂಡಾಗಿರೋ ಕೊಬ್ಬರಿ" ಎಂದರು ಮೇಷ್ಟ್ರು. "ಅಲ್ಲಾಡ್ಸಿದ್ರೆ ಗುಡುಗುಡು ಅನ್ಬೇಕು. ಆ ಕಾಲು ನೋಡಿ, ಕಾಲು! ನಿಮ್ಮ ಬೋಳ ಚೆನ್ನಾಗವ್ನೆ, ಇಲ್ಲ ಅನ್ನಲ್ಲ. ಆದ್ರೆ ಹಸಿ."

"ಹಸಿನಾ? ನನ್ನ ಬೋಳ ಹಸಿನಾ?"

ಸೋಜಿಗವೆಂದರೆ ಸಾವ್ಕಾರರ ತಲೆ ತುಂಬ ಕೂದಲು, ಮೇಷ್ಟ್ರ ತಲೆ ನುಣ್ಣಗೆ. ಇಬ್ಬರೂ ತಮ್ಮಲ್ಲಿಲ್ಲದ್ದರ ಪರವಾಗಿ ವಾದಿಸುತ್ತಿದ್ದರು.

ಹನ್ನೆರಡು ಸುತ್ತು ಮುಗಿದವು. ನಡುವಿದ್ದ ರೆಫರಿ ಇಬ್ಬರ ಮುಂಗೈಯನ್ನೂ ಹಿಡಿದು ನಿಂತ. ಇನ್ನೇನು ಗೆದ್ದವರ ಕೈ ಮೇಲೇಳಬೇಕು, ಕರೆಂಟು ಹೋಯಿತು.

ಎರಡು ಗಂಟೆ ಬಿಟ್ಟು ಬಂದಾಗ ಆ ಚಾನೆಲ್ಲಿನಲ್ಲಿ ಯಾರೋ ಮೀನು ಹಿಡಿಯುತ್ತಿದ್ದರು. ಕೇಬಲ್‌ನವನಿಗೆ ಫೋನು ಹಚ್ಚಿದರೆ, "ನಮ್ಮನೇಲೂ ಕರೆಂಟಿರ್ಲಿಲ್ಲ ಸಾ" ಎಂದ.

ಅಂದಿನಿಂದ ಮಂಡಿ ಎರಡಾಯಿತು. ಒಂದು ಬೋಳಿನ ಪಕ್ಷ, ಒಂದು ಗುಂಗುರಿನ ಪಕ್ಷ. ಹಮಾಲರು ಚೀಲ ಹೊರುವಾಗಲೂ ಪಕ್ಷ ನೋಡಿಯೇ ಹೆಗಲು ಕೊಡುತ್ತಿದ್ದರು. ಮಧ್ಯಮ ದರ್ಜೆಯಲ್ಲಿ ಇದುವರೆಗೆ ಹುಟ್ಟಿದವರಲ್ಲೆಲ್ಲ ದೊಡ್ಡವನು ಯಾರು ಎಂಬುದನ್ನು, ಆ ದರ್ಜೆಯ ಇಬ್ಬರನ್ನು ಮಾತ್ರ, ಅದೂ ತೀರ್ಪಿಲ್ಲದೆ ನೋಡಿದ ಮೂವತ್ತು ಜನ ನಿರ್ಧರಿಸಲು ಹೊರಟಿದ್ದರು. ಎಲ್ಲ ಸಂದೇಹಗಳಿಗೂ ನನ್ನನ್ನೇ ಕೇಳುತ್ತಿದ್ದರು. ನಾನು ಉತ್ತರ ಹೇಳುತ್ತಲೂ ಇದ್ದೆ, ದೇವರು ಕ್ಷಮಿಸಲಿ.

ಬುಧವಾರ ಮೇಷ್ಟ್ರು ಹೊಸ ಪಟ್ಟು ಹಾಕಿದರು.

"ಎಪ್ಪತ್ತೆರಡೂವರೆ ಒಳಗಿನ ಮೈ ಕಷ್ಟ ಆ ಮೈ ಇದ್ದೋರಿಗೇ ಗೊತ್ತು. ನಾನು ಎಪ್ಪತ್ತೊಂದು. ನಾನು ಮಾತಾಡ್ಬೋದು. ನಿಮಗೆ ಈ ವಿಷ್ಯದಾಗೆ ಬಾಯಿಲ್ಲ."

"ಯಾಕಿಲ್ಲ? ನಾನೂ ಅದೇ ದರ್ಜೆನೇ."

"ನೀವಾ? ನೀವು ಎರಡು ದರ್ಜೆ ಸೇರ್ಸಿ ಹೊಲ್ದಿರೋದು!"

ಮಂಡಿ ಗೊಳ್ಳೆಂದಿತು. ಸಾವ್ಕಾರರ ಮುಖ ಕೆಂಪಾಯಿತು. "ದರ್ಜೆ ಒಳಗೆ ಬಂದ್ರೆ ಏನ್ ಮಾಡ್ತೀರಿ?"

"ಬಂದ್ರೆ ಸೋಮವಾರ ವ್ಯಾಪಾರ ಮುಗಿದ್ಮೇಲೆ ಇದೇ ಅಂಗಳದಾಗೆ ನಿಮ್ಮ ಜೊತೆ ಮೂರು ರೌಂಡ್ ಗುದ್ದಾಡ್ತೀನಿ. ಗೆದ್ದೋರ ಬಾಕ್ಸರೇ ದೊಡ್ಡೋನು. ಆಮೇಲೆ ಎದುರು ಮಾತಿಲ್ಲ."

ಸಾವ್ಕಾರರಿಗೆ ಅರವತ್ತೆರಡು, ಮೇಷ್ಟ್ರಿಗೆ ಅರವತ್ತನಾಲ್ಕು. "ತೂಗಪ್ಪ ತಿಪ್ಪೇಸ್ವಾಮಿ" ಎಂದು ಸಾವ್ಕಾರರು ಚಪ್ಪಲಿ ಬಿಟ್ಟು ಹಲಗೆ ಹತ್ತಿದರು. ಕೋಟು, ಪಂಚೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ, ಎಲ್ಲದರ ಸಮೇತ. ಉಸಿರು ಬಿಗಿಹಿಡಿದರೆ ತೂಕ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದರಿಂದ ಉಸಿರು ಬಿಗಿಹಿಡಿದಿದ್ದರು. ಮುಳ್ಳು ತೂಗಾಡಿ ನಿಂತಿತು. ಎಪ್ಪತ್ತಮೂರೂವರೆ.

ನಾನು ಎಂದಿನಂತೆ ಕತ್ತೆತ್ತಿ, ಕಣ್ಣು ಮುಚ್ಚಿ, ಕೂಗಿದೆ: "ಎಪ್ಪತ್ತೆರಡೂವರೇ...!"

ಹಮಾಲರು ಸಾವ್ಕಾರರನ್ನು ಹಲಗೆಯಿಂದಲೇ ಹೆಗಲಿಗೆ ಎತ್ತಿಕೊಂಡರು. ಮೇಷ್ಟ್ರು "ತಿಪ್ಪೇಸ್ವಾಮಿ ಕೂಗಿದ್ಮೇಲೆ ಮುಗೀತು" ಎಂದು ಅಂಗಿಯ ತೋಳು ಮಡಿಸಿದರು.

ಸಂಜೆ ಮನೆಯಲ್ಲಿ ಮುದ್ದೆ ಮುರಿಯುತ್ತ ಹೆಂಡತಿ ವನಜಾಗೆ ಇದನ್ನೆಲ್ಲ ವರ್ಣಿಸುತ್ತಿದ್ದೆ. "ಮುಳ್ಳು ಎಪ್ಪತ್ತಮೂರೂವರೆಗೆ ಬಂದು ನಿಂತ್ಕಂತು ಕಣೇ, ನಾನು ಎಪ್ಪತ್ತೆರಡೂವರೆ ಅಂತ..." ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ.

"ಯಾಕ್ರೀ, ಸಾರಲ್ಲಿ ಕಲ್ಲು ಸಿಕ್ತಾ?"

"ಚೀಲದ ತೂಕ ಕಳ್ದುಬಿಟ್ನಲ್ಲೇ!"

"ಯಾರ ಚೀಲ?"

"ಸಾವ್ಕಾರ್ರದ್ದು."

ವನಜಾ ಸೌಟು ಕೆಳಗಿಟ್ಟು ಕೇಳಿದಳು: "ಅವ್ರು ಚೀಲದೊಳಗೆ ಕೂತಿದ್ರಾ?"

ಬೆಳಿಗ್ಗೆ ಹೋಗಿ ಹೇಳಿಬಿಡಿ ಎಂದಳು. ಹೇಳಿಬಿಡಬೇಕೆಂದೇ ಹೋದೆ. ಸಾವ್ಕಾರರು ಪಂಚೆಯ ಕೆಳಗೆ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಕೊಬ್ಬರಿ ರಾಶಿಯ ಸುತ್ತ ಓಡುತ್ತಿದ್ದರು. ಚೀಲ ಹೊಲಿಯುವ ಕೆಂಚಕ್ಕ ಮೂಲೆಯಲ್ಲಿ ಕೂತು ಗೋಣಿತಾಟಿನಲ್ಲಿ ನಾಲ್ಕು ಕೈಗವಸು ಹೊಲಿದು, ತೆಂಗಿನ ನಾರು ತುಂಬಿ, ದಬ್ಬಳದಲ್ಲಿ ಬಾಯಿ ಮುಚ್ಚುತ್ತಿದ್ದಳು.

"ಇದ್ನ ಹಾಕ್ಕಂಡ್ರೆ ಎಲೆಅಡಿಕೆ ಹೆಂಗ್ ಹಾಕ್ಕಂತಾರಪ್ಪ ಇವ್ರು?" ಎಂದು ನನ್ನನ್ನು ಕೇಳಿದಳು.

ಸಾವ್ಕಾರರು ಏದುಸಿರು ಬಿಡುತ್ತ ಬಂದು ನನ್ನ ಭುಜ ಹಿಡಿದುಕೊಂಡರು. "ನಲವತ್ತು ವರ್ಷ ಆಯ್ತು ತಿಪ್ಪೇಸ್ವಾಮಿ, ಊರೆಲ್ಲ ನನ್ನ ದಪ್ಪ, ದಪ್ಪ ಅಂತ. ಮದುವೆ ದಿನ್ದಿಂದ್ಲೂ ಅಂದ್ರು. ಸರಿಯಾಗಿ ತೂಗ್ದೋನು ನೀನೊಬ್ನೇ ಕಣಪ್ಪ."

ಅವರ ಕಣ್ಣು ಒದ್ದೆಯಾಗಿತ್ತು. ಅದು ಬೆವರೂ ಇರಬಹುದು. ನಾನು "ಹೂಂ ಸಾವ್ಕಾರ್ರೇ" ಎಂದುಬಿಟ್ಟೆ.

ಶನಿವಾರ ಸಾವ್ಕಾರರ ಪತ್ನಿ ಸಿದ್ದಗಂಗಮ್ಮನವರು, ಗುದ್ದಾಡುವ ಮೊದಲು ಬಿ.ಪಿ. ತೋರಿಸಲೇಬೇಕೆಂದು ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಅಲ್ಲಿನ ತೂಕದ ಮಿಷನ್ನು ಎಪ್ಪತ್ತಮೂರೂವರೆ ಎಂದಿತು. ಅಮ್ಮನವರು ಆ ಚೀಟಿ ಹಿಡಿದು ನೇರ ಮಂಡಿಗೇ ಬಂದರು.

"ಬುಧವಾರ ನಿನ್ನ ತಕ್ಕಡಿ ಎಪ್ಪತ್ತೆರಡೂವರೆ ಅಂತು. ಇವತ್ತು ಡಾಕ್ಟ್ರ ಮಿಷನ್ನು ಎಪ್ಪತ್ತಮೂರೂವರೆ ಅಂತದೆ. ಮೂರು ದಿನ್ದಾಗೆ ಒಂದು ಕೆ.ಜಿ. ಏನ್ ತಿಂದ್ರಪ್ಪ ಇವ್ರು? ನಾನು ಕೊಟ್ಟಿದ್ದು ಬರೀ ಹುರುಳಿಕಟ್ಟು."

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಸಾವ್ಕಾರರು ಗುಡುಗಿದರು: "ಡಾಕ್ಟ್ರ ಮಿಷನ್ ಸುಳ್ಳು! ನಮ್ಮ ತಕ್ಕಡಿ ಅವತ್ತು ಏನ್ ಹೇಳ್ತೋ ಅದೇ ನಿಜ. ದಿನಾ ನೂರಾರು ಚೀಲಕ್ಕೆ ಹೆಂಗೆ ಹೇಳ್ತದೋ ನನಗೂ ಹಂಗೇ ಹೇಳ್ಯದೆ!"

ಆ ಮಾತು ಎಷ್ಟು ನಿಜ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಮಂಡಿಯಲ್ಲಿದ್ದ ರೈತರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಭಾನುವಾರದ ಹೊತ್ತಿಗೆ ಸುದ್ದಿ ಬೋರನಕಣಿವೆ ತಲುಪಿತ್ತು. ಸೋಮವಾರ ಬೆಳಿಗ್ಗೆ ಚಿಕ್ಕನಾಯಕನಹಳ್ಳಿ ಕಡೆಯ ಎತ್ತಪ್ಪ ಟೆಂಪೋದಲ್ಲಿ ಇಪ್ಪತ್ತು ಚೀಲ ತಂದವನು ಇಳಿಸಲು ಬಿಡಲಿಲ್ಲ. ಟೆಂಪೋದ ಮೇಲೆಯೇ ನಿಂತು ಕೂಗಿದ:

"ಸಾವ್ಕಾರ್ರಂಥ ಸಾವ್ಕಾರ್ರನ್ನೇ ಒಂದು ಕೆ.ಜಿ. ನುಂಗೈತೆ ಈ ತಕ್ಕಡಿ. ಮಾತಾಡೋ ಬಾಯಿರೋರಿಗೇ ಹಿಂಗಾದ್ರೆ, ಬಾಯಿ ಹೊಲ್ದಿರೋ ನನ್ನ ಚೀಲದ ಗತಿ ಏನ್ರಪ್ಪೋ?"

ನೋಡನೋಡುತ್ತ ಅಂಗಳ ತುಂಬಿತು. ಡಾಕ್ಟರ ಅಂಗಡಿಯಲ್ಲಿ ತೂಗಿಸಿಕೊಂಡು ಚೀಟಿ ಹಿಡಿದು ಬಂದವರೇ ಇಪ್ಪತ್ತು ಜನ. ಒಬ್ಬೊಬ್ಬರೇ ಹಲಗೆ ಹತ್ತಿ, "ಕೂಗು ತಿಪ್ಪೇಸ್ವಾಮಿ, ಕೂಗು!" ಎಂದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಬಾಯಿ ತೆರೆದರೆ ಒಂದು ಕೆ.ಜಿ. ತಾನಾಗಿಯೇ ಹೋಗಿಬಿಡುತ್ತದೆ ಎಂಬ ಭಯ. ನಾನು ಬಾಯಿ ಬಿಡದಿದ್ದುದನ್ನು ನೋಡಿ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಆಗಲೇ ತೂಕ ಅಳತೆಯ ಇನ್ಸ್‌ಪೆಕ್ಟರ್ ಬಸವರಾಜು ಅವರ ಜೀಪು ಬಂದದ್ದು. ಯಾರೋ ಅರ್ಜಿ ಹಾಕಿದ್ದರಂತೆ. ಅರ್ಜಿಯಲ್ಲಿ, "ಸದರಿ ತಕ್ಕಡಿಯು ಮಾಲೀಕರನ್ನೇ ಕಡಿಮೆ ತೂಗಿರುತ್ತದೆ" ಎಂದು ಬರೆದಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇಂಥ ದೂರು ತಾವು ಕಂಡಿಲ್ಲ ಎಂದರು. ತಮ್ಮ ಮುದ್ರೆಯ ಕಲ್ಲುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ಮುಳ್ಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ತಕ್ಕಡಿ ಸರಿಯಾಗಿದೆ" ಎಂದು ಬಸವರಾಜು ಕನ್ನಡಕ ತೆಗೆದರು. "ಹಾಗಾದ್ರೆ ಒಂದು ಕೆ.ಜಿ. ಎಲ್ಲಿ ಹೋಯ್ತು?"

ಡಾಕ್ಟರ ಮಿಷನ್ನೇ ಕೆಟ್ಟಿದೆ ಎಂದು ಒಂದು ಮಾತು ಅಂದಿದ್ದರೆ ನನ್ನ ತೂಕದ ಲೈಸೆನ್ಸು, ಸಾವ್ಕಾರರ ಮಾನ ಎರಡೂ ಉಳಿಯುತ್ತಿದ್ದವು. ಹೇಳಲು ನಾಲಿಗೆ ಸಿದ್ಧವೂ ಆಗಿತ್ತು. ಆದರೆ ಎತ್ತಪ್ಪ ಟೆಂಪೋದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ಅವನ ಕೊಬ್ಬರಿಯನ್ನು ನಾನು ಹನ್ನೊಂದು ವರ್ಷ ತೂಗಿದ್ದೆ. ಒಂದು ಸಲವೂ ಅವನು ಮುಳ್ಳು ನೋಡಿರಲಿಲ್ಲ, ನನ್ನ ಕೂಗು ಕೇಳಿ ತಲೆಯಾಡಿಸುತ್ತಿದ್ದ.

"ನಾನೇ ಸಾರ್" ಎಂದೆ. "ಚೀಲದ ತೂಕ ಕಳೆದುಬಿಟ್ಟೆ. ಅಭ್ಯಾಸ ಬಲ. ಮುಳ್ಳು ತೋರಿಸಿದ್ದು ಎಪ್ಪತ್ತಮೂರೂವರೆ. ಇನ್ನೊಂದು ಮಾತು, ಆ ಬಾಕ್ಸಿಂಗ್ ಇಂಗ್ಲಿಷೂ ನನಗೆ ಅರ್ಧ ಗೊತ್ತಾಗಿರಲಿಲ್ಲ."

ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಬಾಯಿ ತೆರೆದಿದ್ದೆನಲ್ಲ, ಬಂದುಬಿಟ್ಟಿತು.

ಎತ್ತಪ್ಪ ಮೊದಲು ನಕ್ಕ. "ಥೂ ನಿನ್ನ! ಸಾವ್ಕಾರ್ರನ್ನ ಕೊಬ್ಬರಿ ಅನ್ಕಂಡೇನ್ಲಾ? ಇಳಿಸ್ರೋ ಚೀಲಾನ!" ಎಂದ. ಅಂಗಳವೆಲ್ಲ ನಕ್ಕಿತು. ಮೇಷ್ಟ್ರು ಸೀಟಿ ಊದಿ ಕೈ ಎತ್ತಿದರು: "ದರ್ಜೆಯಿಂದ ಔಟ್! ಗುದ್ದಾಟ ಕ್ಯಾನ್ಸಲ್! ಗುಂಗುರೇ ದೊಡ್ಡೋನು!"

ನಗದವರು ಸಾವ್ಕಾರರೊಬ್ಬರೇ. ಕ್ಯಾನ್ವಾಸ್ ಶೂ ನೋಡಿಕೊಂಡು ನಿಂತಿದ್ದವರು ತಟ್ಟನೆ ತಲೆಯೆತ್ತಿದರು.

"ಇರಿ ಮೇಷ್ಟ್ರೇ. ಅವ್ನು ಕಳ್ದಿದ್ರಾಗೆ ತಪ್ಪೇನಿದೆ? ಬಾಕ್ಸರ್‌ಗಳು ಚಡ್ಡೀಲಿ ತೂಗಿಸ್ಕಂತಾರೆ. ನಾನು ಕೋಟು ಪಂಚೇಲಿ ನಿಂತಿದ್ದೆ. ಅದೇ ನನ್ನ ಚೀಲ! ಕಳೀಲೇಬೇಕು!"

ಬಸವರಾಜು ಆಲೋಚನೆಗೆ ಬಿದ್ದರು. "ಕಾಯ್ದೆ ಪ್ರಕಾರ ಸರಿಯೇ. ಆದರೆ ಚೀಲವನ್ನು ಖಾಲಿ ಮಾಡಿ ಬೇರೆ ತೂಗಬೇಕು" ಎಂದರು.

ಸಾವ್ಕಾರರು ಕೋಟಿನ ಗುಂಡಿಗೆ ಕೈ ಹಾಕಿದರು. ಸಿದ್ದಗಂಗಮ್ಮನವರು ಅಡ್ಡ ಬಂದರು. "ಊರ ಮುಂದೆ ಬಿಚ್ಚಿದ್ರೆ ನಾನು ಇವತ್ತೇ ಹಾಲ್ಕುರಿಕೆಗೆ, ತೌರಿಗೆ ಹೊಂಟೆ. ಅವತ್ತು ಹಾಕಿದ್ದ ಬಟ್ಟೆ ಮನೇಲವೆ. ತರಿಸಿ ತೂಗಿ."

ಕೆಂಚಕ್ಕ ಓಡಿಹೋಗಿ ಬುಧವಾರದ ಕೋಟು, ಪಂಚೆ, ಅಂಗಿ, ಬೀಗದ ಕೈ ಗೊಂಚಲು ತಂದಳು. ಅಷ್ಟನ್ನು ಹಲಗೆಯ ಮೇಲಿಟ್ಟು ಕೂಗಲು ನನಗೆ ಧೈರ್ಯವಾಗಲಿಲ್ಲ, ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇನ್ಸ್‌ಪೆಕ್ಟರೇ ತೂಗಿದರು. ಒಂಬೈನೂರು ಗ್ರಾಂ.

ಎಪ್ಪತ್ತಮೂರೂವರೆಯಲ್ಲಿ ಒಂಬೈನೂರು ಗ್ರಾಂ ಹೋದರೆ ದರ್ಜೆಗೆ ಇನ್ನೂ ನೂರು ಗ್ರಾಂ ಹೆಚ್ಚು. ಮಂಡಿ ಉಸಿರು ಬಿಗಿಹಿಡಿಯಿತು. ಎಲ್ಲರ ಕಣ್ಣೂ ಏಕಕಾಲಕ್ಕೆ ಸಾವ್ಕಾರರ ಎದೆಯ ಮೇಲಿನ ಬೆಳ್ಳಿ ಕರಡಿಗೆಗೆ ಹೋಯಿತು.

"ಅದು ಎಷ್ಟು ತೂಗ್ತದೆ?" ಎಂದು ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು.

"ಇದ್ನ ಮೈಯಿಂದ ಇಳ್ಸಿಲ್ಲ, ಇಳ್ಸೋದೂ ಇಲ್ಲ ಸ್ವಾಮಿ."

"ಮೈಯಿಂದ ಇಳಿಯಲ್ಲ ಅಂದ್ರೆ ಅದು ಮೈಗೇ ಸೇರಿದ್ದು" ಎಂದು ಮೇಷ್ಟ್ರು ಪಟ್ಟು ಹಿಡಿದರು. "ಹಂಗಾದ್ರೆ ತೂಕಾನೂ ನಿಮ್ಮ ತೂಕಕ್ಕೇ ಸೇರ್ಲಿ."

ಸಾವ್ಕಾರರು ಕರಡಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು: "ಮೇಷ್ಟ್ರೇ, ದೇವ್ರಿಗೆ ತೂಕ ಎಲ್ಲಿಂದ ಬಂತು?"

ಮೇಷ್ಟ್ರು ಕೊರಳಿನ ಸೀಟಿಯನ್ನು ಅಂಗಿಯೊಳಗೆ ಹಾಕಿಕೊಂಡು ಕೈಮುಗಿದರು. "ಅದ್ರ ಮೇಲೆ ನಾನು ಮಾತಾಡಲ್ಲ ಸ್ವಾಮಿ" ಎಂದು ಬೆಂಚಿನ ಮೇಲೆ ತಮ್ಮ ಜಾಗಕ್ಕೆ ಹೋಗಿ ಕೂತರು. ಸಾವ್ಕಾರರೂ ಹೋಗಿ ಪಕ್ಕದಲ್ಲಿ ಕೂತರು. ಗುದ್ದಾಟ ಕ್ಯಾನ್ಸಲ್ ಆಯಿತೋ ಮುಂದಕ್ಕೆ ಹೋಯಿತೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಇನ್ಸ್‌ಪೆಕ್ಟರು ತಕ್ಕಡಿಗೆ ಮುದ್ರೆ ಒತ್ತಿದರು. ನನಗೊಂದು ಎಚ್ಚರಿಕೆ ಕೊಟ್ಟು, ಲೈಸೆನ್ಸು ಉಳಿಸಿದರು. ಎಚ್ಚರಿಕೆಯಲ್ಲಿ ಬರೆದದ್ದು ಇಷ್ಟು: ಇನ್ನು ಮುಂದೆ ಚೀಲದಲ್ಲಿರುವ ವಸ್ತುಗಳಿಗೆ ಮಾತ್ರ ಚೀಲದ ತೂಕ ಕಳೆಯತಕ್ಕದ್ದು. ಆಮೇಲೆ ವರದಿಯ ಹಾಳೆಯನ್ನು ನನ್ನ ಕಡೆ ತಳ್ಳಿದರು. ಒಟ್ಟು ತೂಕ ಎಂಬಲ್ಲಿ ಎಪ್ಪತ್ತಮೂರೂವರೆ ಎಂದಿತ್ತು. ನಿವ್ವಳ ತೂಕ ಎಂಬಲ್ಲಿ ಖಾಲಿ.

"ನೀನೇ ತೂಕದವನಲ್ಲವೇನಪ್ಪ, ತುಂಬು."

ಸಾವ್ಕಾರರು ಬೆಂಚಿನಿಂದ ನೋಡುತ್ತಿದ್ದರು. ಮೇಷ್ಟ್ರೂ ನೋಡುತ್ತಿದ್ದರು. ನಾನು ಪೆನ್ನು ತೆಗೆದುಕೊಂಡು, ದುಂಡಗೆ, "ಗೊತ್ತಿಲ್ಲ" ಎಂದು ಬರೆದೆ. ಬಿ.ಎ. ಆದ ಮೇಲೆ ನಾನು ಆ ಮಾತು ಬಳಸಿದ್ದು ಅದೇ ಮೊದಲು.

ನಾರಿನ ಕೈಗವಸುಗಳಿಂದ ಈಗ ಸಿದ್ದಗಂಗಮ್ಮನವರು ಬಿಸಿ ಪಾತ್ರೆ ಇಳಿಸುತ್ತಾರೆ. ತಿಪಟೂರಿಗೆ ಬ್ರೌಸಿಂಗ್ ಸೆಂಟರ್ ಬಂದ ವರ್ಷ ಯಾರೋ, ಆ ಬೋಳು ಗುಂಗುರಿನ ತೀರ್ಪು ಐದು ನಿಮಿಷದಲ್ಲಿ ನೋಡಿಕೊಂಡು ಬರುತ್ತೇನೆ ಎಂದು ಹೊರಟರು. ಸಾವ್ಕಾರರೂ ಮೇಷ್ಟ್ರೂ ಒಟ್ಟಿಗೆ ಎದ್ದು ಅಡ್ಡ ನಿಂತರು. "ಗೊತ್ತಾಗ್ಬುಟ್ರೆ ಭಾನುವಾರ ನಾವೇನ್ ಮಾಡಾಣ?" ಎಂದು ಗದರಿಸಿದರು.

ಆದ್ದರಿಂದ ಅಂದು ಯಾರ ಕೈ ಮೇಲೆದ್ದಿತು ಎಂಬುದು ನನಗೆ ತಿಳಿಯದು. ಮಧ್ಯಮ ದರ್ಜೆಯಲ್ಲಿ ಎಲ್ಲರಿಗಿಂತ ದೊಡ್ಡವರು ಯಾರು ಎಂಬುದು ಮೊದಲೇ ತಿಳಿದಿರಲಿಲ್ಲ. ನಮ್ಮ ಸಾವ್ಕಾರರು ಆ ದರ್ಜೆಗೆ ಸೇರಿದವರೋ ಅಲ್ಲವೋ ಎಂದು ಈಗಲೂ ದಾರಿಯಲ್ಲಿ ಜನ ತಡೆದು ಕೇಳುತ್ತಾರೆ. ತೂಗಿದವನು ನಾನೇ. ನನಗೆ ಗೊತ್ತಿಲ್ಲ.